ಕಣ್ಣಿನ ಹೂವಿಗೆ ಬಣ್ಣದ ಮರೆ

ಗಾಯದಿಂದಲೋ ಹುಣ್ಣಿನಿಂದಲೋ ಕಾರ್ನಿಯಾದ ಮೇಲೆ ಉಳಿಯುವ ಬಿಳಿಯ ಕಲೆಯನ್ನು ನಮ್ಮವರು ‘ಹೂ’ ಎನ್ನುತ್ತಾರೆ. ಪುಣೆಯ ನೆರೆಹೊರೆಯ ಮರಾಠಿಗರಿಗೂ ಅದು ‘ಫೂಲ್’. ಹೆಸರೇನೋ ಸೊಗಸು, ಆದರೆ ಮದುವೆಯ ಮಾತುಕತೆಯಲ್ಲಿ ಎದುರಿನವರ ನೋಟ ಮೊದಲು ಅಲ್ಲಿಗೇ ಹೋಗುತ್ತದೆ.

ಈ ಕಲೆಗೆ ಬಣ್ಣವಿಡುವ ವಿದ್ಯೆ ಹಳೆಯದು. ಎರಡನೆಯ ಶತಮಾನದ ವೈದ್ಯ ಗ್ಯಾಲನ್ ಅದನ್ನು ಬಲ್ಲವನಾಗಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ವಾನ್ ವೆಕರ್ ಸೂಜಿಯಿಂದ ಕಪ್ಪು ಮಸಿಯನ್ನು ಚುಚ್ಚಿದನು. ಇಂದು ಫೆಮ್ಟೋಸೆಕೆಂಡ್ ಲೇಸರ್ ಕಿರಣವು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದೊಳಗೆ ಸುರಂಗ ಕೊರೆಯುತ್ತದೆ; ಅದರೊಳಗೆ ವರ್ಣದ್ರವ್ಯವನ್ನು ತುಂಬುತ್ತಾರೆ. ಐರಿಸ್ ಹರಿದವರಿಗೆ ಇದು ಅತಿಬೆಳಕನ್ನು ತಡೆಯುವ ಪರದೆಯೂ ಆಗಬಲ್ಲದು.

ಆದರೆ ಈ ಹಚ್ಚೆಯು ಕಲೆಯನ್ನು ಮರೆಮಾಡುವುದೇ ಹೊರತು ಕಳೆದ ದೃಷ್ಟಿಯನ್ನು ಮರಳಿಸದು. ಆದ್ದರಿಂದ ಕಾರ್ನಿಯಾ ಕಸಿಯಿಂದ ನೋಟ ಬರಬಹುದೇ ಎಂದು ತಜ್ಞರನ್ನು ಮೊದಲು ಕೇಳಬೇಕು. ಆರೋಗ್ಯವಾದ ಕಣ್ಣಿನ ಬಣ್ಣವನ್ನು ಬದಲಿಸಲು ಹೋದರೆ ಸೋಂಕು, ದೃಷ್ಟಿನಾಶಗಳ ಭಯವುಂಟೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ 2024ರಲ್ಲಿ ಎಚ್ಚರಿಸಿದೆ.

ಕಸಿಗೆ ಬೇಕಾದ ಕಾರ್ನಿಯಾ ದಾನದಿಂದಲೇ ದೊರೆಯಬೇಕು. 2006ರಲ್ಲಿ ಡಾ. ರಾಜ್‌ಕುಮಾರರ, 2021ರಲ್ಲಿ ಪುನೀತರ ನೇತ್ರದಾನ ನಡೆಯಿತು. ಪುನೀತರ ಎರಡು ಕಣ್ಣುಗಳಿಂದ ನಾಲ್ವರು ಬೆಳಕು ಕಂಡರು. ಮರಣಾನಂತರ ಆರು ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕಾದ್ದರಿಂದ ತಡಮಾಡದೆ ನೇತ್ರಬ್ಯಾಂಕಿಗೆ ತಿಳಿಸುವುದು ಮನೆಯವರ ಕರ್ತವ್ಯ. ಅದನ್ನು ಇಂದೇ ಮನೆಯಲ್ಲಿ ಮಾತನಾಡಿಕೊಂಡಿರುವುದು ಲೇಸು.