ಶೇರುವಿನ ಹೊಟ್ಟೆ ಲೆಕ್ಕ: ಮರಿನಾಯಿಗೆ ಜುಲಾಬು ನಿಲ್ಲದಿದ್ದರೆ ತಟ್ಟೆಯನ್ನೂ ನೋಡಿ

ಹುಮನಾಬಾದಿನಿಂದ ಮತ್ತೆ ನಿಮ್ಮ ಕಿವಿಗೆ ಬಂದೀನಿ. ಮೊದಲೇ ಹೇಳಿಬಿಡ್ತೀನಿ, ಈ ಸಂಚಿಕೆಯಲ್ಲಿ ನಾಯಿಯ ಸಂಡಾಸದ ಬಗ್ಗೆ ಬಹಳ ಮಾತಿದೆ. ಊಟ ಮಾಡ್ತಾ ಕೇಳ್ತಿದ್ದರೆ ಆರಾಮಾಗಿ ಉಂಡು ಬನ್ನಿ, ನಾ ಎಲ್ಲೂ ಹೋಗಂಗಿಲ್ಲ.

ನಮ್ಮನೆ ನಾಯಿ ಹೆಸರು ಶೇರು. ಬಿ.ಕಾಂ. ಓದಿದವಳು ಅಂತ ಶೇರು ಮಾರ್ಕೆಟ್ ಹೆಸರಿಟ್ಟಿದ್ದೀಯಾ ಅಂತ ಗೆಳತಿಯರು ನಗ್ತಾರೆ. ಅದು ಹಿಂದಿಯ ಶೇರ್. ಆದರೆ ಹೋದ ವರ್ಷ ಅವನ ತೂಕದ ಗ್ರಾಫ್ ನೋಡಿದ್ದರೆ ಶೇರು ಮಾರ್ಕೆಟ್ಟೇ ಅಂತಿದ್ರಿ.

ಮಳೆಗಾಲದಲ್ಲಿ ಎರಡೂವರೆ ತಿಂಗಳ ಮರಿಯಾಗಿ ಬಂದ. ಮುಧೋಳ ತಳಿ. ಘೋರ್ಪಡೆ ರಾಜರ ಕಾಲದಿಂದ ಹೆಸರಾದ ಬೇಟೆ ನಾಯಿ, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟ್ಯಾಂಪ್ ಸಹ ತಂದಿತ್ತು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ನಮ್ಮ ತಪ್ಪು ಇಲ್ಲೇ ಶುರುವಾಯಿತು. ಒಂದು ತಿಂಗಳಿಂದ ಅವನಿಗೆ ನಾಲ್ಕು ದಿನ ಜುಲಾಬು, ಎರಡು ದಿನ ನೆಟ್ಟಗೆ, ಮತ್ತೆ ಜುಲಾಬು. ಬಂದವರೆಲ್ಲ "ಮುಧೋಳ ನಾಯಿ ಹಿಂಗೇ ಬಡಕಲು ಇರ್ತಾವ್ ಬಿಡ್ರಿ" ಅಂದರು. ನಾವೂ ನಂಬಿದೆವು.

ನಾನು ಒಂದು ಅಡತ್ ಅಂಗಡಿಯಲ್ಲಿ ಜಿಎಸ್‌ಟಿ ಲೆಕ್ಕ ಬರೀತೀನಿ. ಒಂದಿನ ಸುಮ್ಮನೆ ತೊಗರಿ ತೂಗುವ ಕಾಂಟಾ ಮೇಲೆ ಶೇರುವನ್ನು ನಿಲ್ಲಿಸಿದೆ. 7 ಕಿಲೋ 400 ಗ್ರಾಂ. ಆರು ವಾರದ ಹಿಂದೆ ಲಸಿಕೆ ಹಾಕಿಸುವಾಗ 7 ಕಿಲೋ 200 ಇದ್ದ. ದೊಡ್ಡವಾದ ಮೇಲೆ 20 ಕಿಲೋ ಮೀರುವ ತಳಿಯ ಐದು ತಿಂಗಳ ಮರಿ ಆರು ವಾರದಲ್ಲಿ 200 ಗ್ರಾಂ ಮಾತ್ರ ಹೆಚ್ಚಾದರೆ ಅದು ತಳಿಯ ಗುಣ ಅಲ್ಲ. ಈ ತಳಿಗೆ ಕೊನೆಯ ಒಂದೆರಡು ಪಕ್ಕೆಲುಬು ಕಾಣಬಹುದು, ಆದರೆ ಬೆನ್ನಮೂಳೆ, ಸೊಂಟದ ಮೂಳೆ ಚೂಪಾಗಿ ಕೈಗೆ ಸಿಗಬಾರದು. ಶೇರುವಿನದು ಸಿಗ್ತಿತ್ತು. ಕಣ್ಣಿಂದ ನೋಡಿ ಅಳೀಬೇಡಿ, ವಾರಕ್ಕೊಮ್ಮೆ ತೂಗಿ.

ಅಷ್ಟರೊಳಗೆ ನಾನೊಂದು ದಡ್ಡತನ ಮಾಡಿ ಆಗಿತ್ತು. ಮೆಡಿಕಲ್ ಅಂಗಡಿಯಲ್ಲಿ ಕೇಳಿ, ಮನುಷ್ಯರ ಜುಲಾಬಿನ ಗುಳಿಗೆ ತಂದು ಅರ್ಧ ಮಾಡಿ ಕೊಟ್ಟಿದ್ದೆ. ಎರಡು ದಿನ ನಿಲ್ತದೆ, ಮತ್ತೆ ಶುರು. ಮತ್ತೆ ಗುಳಿಗೆ. ಈ ಆ್ಯಂಟಿಬಯಾಟಿಕ್‌ಗಳು ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಹೊಡೆದು ಹಾಕ್ತವೆ, ಅವು ಮತ್ತೆ ಚೇತರಿಸಲಿಕ್ಕೆ ವಾರಗಟ್ಟಲೆ ಬೇಕು ಅಂತ ಆಮೇಲೆ ಗೊತ್ತಾಯಿತು. ನೀವು ಮಾಡಬೇಡಿ.

ನಮಗಿರುವ ಅನುಕೂಲ ಅಂದ್ರೆ ಬೀದರ ಹತ್ತಿರ, 50 ಕಿಲೋಮೀಟರ್ ಆಸುಪಾಸು. ಇಡೀ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಅಲ್ಲಿನ ನಂದಿನಗರದಲ್ಲೇ ಇದೆ. ಬೀದರಿನಲ್ಲಿ ನಾವು ಕಂಡ ಡಾಕ್ಟರ್ ಔಷಧಿಗಿಂತ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಇದಕ್ಕ ಏನೇನು ತಿನ್ನಸ್ತೀರಿ?"

"ಡಾಗ್ ಫುಡ್ ರೀ ಸರ್."

"ಅದಷ್ಟೇನು?"

"ಅದಷ್ಟೇ ರೀ."

ಅವರು ನಕ್ಕರು. "ಒಂದು ವಾರ ಮನ್ಯಾಗ ಯಾರು ಏನು ಹಾಕ್ತಾರ ಎಲ್ಲಾ ಬರದಿಡ್ರಿ. ಮೂರು ದಿನದ್ದು ಮಲದ ಸ್ಯಾಂಪಲ್ ಬ್ಯಾರೆ ಬ್ಯಾರೆ ಡಬ್ಬ್ಯಾಗ ತರ್ರಿ."

ಮೂರು ದಿನದ್ದು ಯಾಕೆ? ಜಿಯಾರ್ಡಿಯಾ ಅನ್ನೋ ಒಂದು ಸೂಕ್ಷ್ಮ ಪರಾವಲಂಬಿ ಇದೆ, ಕೊಳೆ ನೀರಿನಿಂದ ಬರ್ತದೆ. ಅದು ದಿನಾಲೂ ಮಲದಲ್ಲಿ ಹೊರಗೆ ಬೀಳಲ್ಲ. ಒಂದೇ ಸಲ ನೋಡಿ "ಏನಿಲ್ಲ" ಅಂದರೆ ನಂಬೋ ಹಾಗಿಲ್ಲ. ಶೇರುವಿನ ಮೂರನೇ ಡಬ್ಬಿಯಲ್ಲಿ ಸಿಕ್ಕಿತು. ನಾವು ಹುಳದ ಔಷಧಿ ಹಾಕಿಸಿದ್ದೆವಲ್ಲ ಅಂದೆ. ಮಾಮೂಲಿ ಹುಳದ ಗುಳಿಗೆ ಎಷ್ಟೋ ಸಲ ಇದಕ್ಕೆ ನಾಟೋದೇ ಇಲ್ಲವಂತೆ. ಬೇರೆ ಔಷಧಿ ಕೊಟ್ಟರು. ಹೆಸರು, ಪ್ರಮಾಣ ನಾ ಹೇಳಂಗಿಲ್ಲ, ಅದು ತೂಕ ನೋಡಿ ಡಾಕ್ಟರೇ ಹೇಳಬೇಕು. ಜೊತೆಗೆ ಮೈ ತೊಳೆಸಿ, ಮಲಗುವ ಜಾಗ ತೊಳೆದು ಒಣಗಿಸಿ ಅಂದರು. ಇಲ್ಲಾಂದ್ರೆ ಕೂದಲಿಗೆ ಅಂಟಿದ್ದನ್ನು ತಾನೇ ನೆಕ್ಕಿ ಮತ್ತೆ ಹೊಟ್ಟೆಗೆ ಸೇರಿಸಿಕೊಳ್ತದೆ. ಆಹಾರ ಬದಲಾಯಿಸುವ ಮೊದಲು ಹುಳದ ಲೆಕ್ಕ ಮುಗಿಸಲೇಬೇಕು. ಇಲ್ಲದಿದ್ದರೆ ಅಕ್ಕಿಯನ್ನು ಬೈತೀರಿ, ತಪ್ಪು ಜಿಯಾರ್ಡಿಯಾದ್ದು.

ಔಷಧಿಯಿಂದ ಅರ್ಧ ಕಡಿಮೆ ಆಯಿತು. ಇನ್ನರ್ಧ ನಮ್ಮ ಮನೆಯಲ್ಲೇ ಇತ್ತು.

ವಾರದ ಲೆಕ್ಕಕ್ಕೆ ನಾನು ಅಂಗಡಿಯ ಹಳೇ ಖಾತೆ ಪುಸ್ತಕ ತಂದಿಟ್ಟೆ. ಎಡಕ್ಕೆ ಒಳಗೆ ಹೋಗಿದ್ದು, ಬಲಕ್ಕೆ ಹೊರಗೆ ಬಂದಿದ್ದು. ಹೊರಗೆ ಬಂದಿದ್ದಕ್ಕೆ ಪಶುವೈದ್ಯರು 1ರಿಂದ 7ರವರೆಗೆ ಅಂಕ ಕೊಡುವ ಒಂದು ಪದ್ಧತಿ ಇದೆ. 1 ಅಂದ್ರೆ ಗಟ್ಟಿ ಗೋಲಿ, 7 ಅಂದ್ರೆ ನೀರು. 2 ಅಥವಾ 3 ಬಂದರೆ ಒಳ್ಳೇದು. ಜೊತೆಗೆ ಇನ್ನೊಂದು ಗಮನಿಸಿ. ಸ್ವಲ್ಪ ಸ್ವಲ್ಪ, ಪದೇ ಪದೇ, ಲೋಳೆ ಜೊತೆ, ತಿಣುಕಿ ಮಾಡಿದರೆ ಹೆಚ್ಚಾಗಿ ದೊಡ್ಡ ಕರುಳಿನ ತಕರಾರು. ಒಮ್ಮೆಗೇ ರಾಶಿ ರಾಶಿ ಹೋಗಿ, ತೂಕವೂ ಇಳೀತಿದ್ದರೆ ಸಣ್ಣ ಕರುಳು. ಈ ಒಂದು ಮಾತು ಹೇಳಿದರೂ ಡಾಕ್ಟರಿಗೆ ಅರ್ಧ ದಾರಿ ಸಿಕ್ಕ ಹಾಗೆ. ನಾನು ಫೋಟೋ ಸಹ ತೆಗೆದಿಟ್ಟೆ. ನನ್ನ ಗ್ಯಾಲರಿಯನ್ನು ಈಗ ಯಾರಿಗೂ ಕೊಡಂಗಿಲ್ಲ.

ಪುಸ್ತಕದ ಎಡಭಾಗ ತೆರೆದಾಗ ಗೊತ್ತಾಯಿತು, ಮನೆಯಲ್ಲಿ ಶೇರುವಿಗೆ ಊಟ ಹಾಕುವವರು ನಾಲ್ಕು ಮಂದಿ. ಎಲ್ಲರಿಗೂ ತಾವೊಬ್ಬರೇ ಹಾಕ್ತೀವಿ ಅಂತ ನಂಬಿಕೆ. ಬೆಳಿಗ್ಗೆ ಐದಕ್ಕೆ ಆಯಿ, ಅಂದ್ರೆ ನಮ್ಮಪ್ಪನ ಅವ್ವ, ಒಂದು ಗ್ಲಾಸು ಎಮ್ಮೆ ಹಾಲಿಗೆ ಎಂಟು ಗ್ಲೂಕೋಸ್ ಬಿಸ್ಕತ್ತು ಅದ್ದಿ ಕೊಡ್ತಿದ್ದಳು. ಎಂಟಕ್ಕೆ ನಾನು ಡಾಗ್ ಫುಡ್. ಮಧ್ಯಾಹ್ನ ಅವ್ವ ಉಳಿದ ರೊಟ್ಟಿಗೆ ಒಗ್ಗರಣೆ ಹಾಕಿದ ಬ್ಯಾಳಿ. ರಾತ್ರಿ ತಮ್ಮ ಹೈವೇ ಢಾಬಾದಿಂದ ಕಾಗದದಲ್ಲಿ ಸುತ್ತಿ ತಂದ ಚಿಕನ್ ಬಿರಿಯಾನಿ. ನಮ್ಮನೆಯೊಳಗೆ ಮೊಟ್ಟೆ ಸಹ ಬರಂಗಿಲ್ಲ, ಹಾಗಾಗಿ ಇದು ಹಿತ್ತಲಲ್ಲಿ ಗುಪ್ತ ವ್ಯವಹಾರ.

ಈಗ ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ. ನಾಯಿಯ ತೂಕವನ್ನು ಅದರಿಂದಲೇ ಇನ್ನೆರಡು ಸಲ ಗುಣಿಸಿ. ಬಂದಿದ್ದಕ್ಕೆ ವರ್ಗಮೂಲದ ಬಟನ್ ಎರಡು ಸಲ ಒತ್ತಿ. ಅದನ್ನು 70ರಿಂದ ಗುಣಿಸಿ. ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲೊರಿ ಅದು. ಶೇರುವಿನ 7.4 ಕಿಲೋಗೆ ಸುಮಾರು 315. ನಾಲ್ಕು ತಿಂಗಳು ದಾಟಿ ಬೆಳೆಯುವ ಮರಿಗೆ ಇದರ ಎರಡು ಪಟ್ಟು, ಅಂದ್ರೆ 630 ಆಸುಪಾಸು. ತಿಂಡಿ-ತೀರ್ಥ ಇದರ ಹತ್ತರಲ್ಲಿ ಒಂದು ಭಾಗ ಮೀರಬಾರದು. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಸುಮಾರು 20 ಕ್ಯಾಲೊರಿ ಹಿಡಿದರೆ ಮೂರೇ ಬಿಸ್ಕತ್ತು. ಆಯಿಯ ಎಂಟು ಬಿಸ್ಕತ್ತು, ಗ್ಲಾಸು ಹಾಲು ಸೇರಿದರೆ ದಿನದ ಅರ್ಧ ಊಟ ಸೂರ್ಯ ಹುಟ್ಟೋ ಮೊದಲೇ ಮುಗಿದಿರ್ತಿತ್ತು! ಎಲ್ಲ ಕೂಡಿಸಿದರೆ ಸಾವಿರ ದಾಟಿತು. ಇಷ್ಟು ತಿಂದೂ ತೂಕ ಇಲ್ಲ. ವ್ಯಾಪಾರ ಜೋರು, ಲಾಭ ಸೊನ್ನೆ. ತಿಂದದ್ದು ಜೀರ್ಣ ಆಗದೇ ಕರುಳಿನಲ್ಲಿ ನೀರು ಎಳೆದುಕೊಂಡು ಹೊರಗೆ ಹೋಗ್ತಿತ್ತು.

ಹಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ನಾಯಿ ಅಂದ್ರೆ ಹಾಲು-ರೊಟ್ಟಿ ಅಂತಲೇ ಲೆಕ್ಕ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಅಂತಾರೆ. ಅದನ್ನು ಒಡೆಯುವ ಕಿಣ್ವ ತಾಯಿ ಹಾಲು ಕುಡಿಯುವ ಮರಿಯಲ್ಲಿ ಬೇಕಾದಷ್ಟಿರ್ತದೆ, ಹಾಲು ಬಿಟ್ಟ ಮೇಲೆ ಕಡಿಮೆ ಆಗ್ತಾ ಹೋಗ್ತದೆ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುದುಗ್ತದೆ. ಗ್ಯಾಸು, ಗುಡುಗುಡು, ಜುಲಾಬು. ಎಮ್ಮೆ ಹಾಲಿನಲ್ಲಿ ಕೊಬ್ಬು ಬೇರೆ ಜಾಸ್ತಿ. ಎಲ್ಲಾ ನಾಯಿಗೂ ಹಿಂಗೇ ಆಗ್ತದೆ ಅಂತಲ್ಲ, ಕೆಲವಕ್ಕೆ ದಕ್ಕುತ್ತದೆ. ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ.

ರೊಟ್ಟಿ ಪಾಪ, ಅದರದ್ದೇನೂ ತಪ್ಪಿಲ್ಲ. 2013ರಲ್ಲಿ ಸ್ವೀಡನ್ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿ ಹೋಲಿಸಿ ನೋಡಿದರು. ಪಿಷ್ಟ ಜೀರ್ಣಿಸುವ ಒಂದು ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30 ಇತ್ತು. ಮನುಷ್ಯರ ಒಲೆ ಪಕ್ಕ ಬದುಕಿ ಬದುಕಿ ನಾಯಿ ರೊಟ್ಟಿ, ಅನ್ನ ದಕ್ಕಿಸಿಕೊಂಡಿದೆ. ಬಿರಿಯಾನಿಯ ಎಣ್ಣೆ, ಖಾರ ಬೇರೆ ಮಾತು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೀತವೆ. ಅವ್ವನ ಒಗ್ಗರಣೆಯ ಬ್ಯಾಳಿಯೂ ಅದೇ ಕಾರಣಕ್ಕೆ ಬಂದ್.

ನಾನು ಹಾಕ್ತಿದ್ದ ಡಾಗ್ ಫುಡ್ ಸಹ ಸಾಚಾ ಇರಲಿಲ್ಲ ಬಿಡ್ರಿ. ದೊಡ್ಡ ಚೀಲ ಬಿಚ್ಚಿ ಲೂಸ್ ಮಾರ್ತಾರಲ್ಲ, ಅದು. ಗಾಳಿಗೆ ಅದರೊಳಗಿನ ಕೊಬ್ಬು ಕಮಟು ಹತ್ತುತ್ತದೆ, ಯಾವಾಗ ತಯಾರಾಯಿತು ಅಂತಲೂ ಗೊತ್ತಾಗಲ್ಲ.

ಮೂರು ವಾರ ಮೀರಿ ನಡೆಯುವ ಇಂಥ ಜುಲಾಬಿನಲ್ಲಿ, ಹುಳ ಮತ್ತು ಬೇರೆ ರೋಗ ಇಲ್ಲ ಅಂತಾದ ಮೇಲೆ, ಅರ್ಧಕ್ಕಿಂತ ಹೆಚ್ಚು ನಾಯಿಗಳು ಆಹಾರ ಬದಲಾಯಿಸಿದರೇ ಸುಧಾರಿಸ್ತವೆ. ಅದಕ್ಕೆ ಒಂದು ಪದ್ಧತಿ ಇದೆ. ನಾಯಿ ಈವರೆಗೆ ತಿನ್ನದ ಒಂದು ಪ್ರೋಟೀನ್, ಒಂದು ಪಿಷ್ಟ. ಅಷ್ಟೇ. ಎರಡು ವಾರ. ಚರ್ಮದ ಅಲರ್ಜಿಗಾದರೆ ಎಂಟು ವಾರ ಕಾಯಬೇಕು, ಹೊಟ್ಟೆ ಬೇಗ ಉತ್ತರ ಕೊಡ್ತದೆ. ಇದಕ್ಕಂತಲೇ ತಯಾರಾದ ಫುಡ್ ಸಿಗ್ತದೆ, ಬೆಲೆ ಕೇಳಿ ನಾನು ಫೋನ್ ಇಟ್ಟೆ. ಶೇರು ಮೀನು ತಿಂದಿರಲಿಲ್ಲ. ಹಾಗಾಗಿ ಮುಳ್ಳು ತೆಗೆದ ಮೀನು, ಮೆತ್ತಗೆ ಬೇಯಿಸಿದ ಅನ್ನ. ಉಪ್ಪು, ಅರಿಶಿನ ಏನೂ ಇಲ್ಲ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ.

ಮೊಟ್ಟೆ ಬರದ ಮನೆಯಲ್ಲಿ ಮೀನು! ಆಯಿಗೆ ಹೇಳೋದು ಹ್ಯಾಂಗ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಪುಸ್ತಕ ತೆಗೆದು ಅವನ ತೂಕ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಲು ಹಾಕಿದ್ದಕ್ಕ ಹಿಂಗಾಗ್ಯಾದೇನು?"

"ಅದೂ ಒಂದು ಇರಬಹುದು ಆಯಿ. ನಾ ಹಾಕಿದ್ದೂ ಅದ."

"ಅಂಗಳದಾಗ ಕುದಿಸು. ನನ್ನ ಭಾಂಡಿ ಮುಟ್ಟಬ್ಯಾಡ."

ಒಂಬತ್ತನೇ ದಿನ ಬಲಭಾಗದಲ್ಲಿ ಮೊದಲ ಸಲ 3 ಬರೆದೆ. ಖರೆ ಹೇಳ್ತೀನಿ, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿಬಿಡೋದು ಬಹಳ ಮಂದಿ ಮಾಡುವ ತಪ್ಪು. ಅನ್ನ-ಮೀನು ಅಥವಾ ಅನ್ನ-ಚಿಕನ್ ಬೆಳೆಯುವ ಮರಿಗೆ ಪೂರ್ಣ ಆಹಾರ ಅಲ್ಲ. ಕ್ಯಾಲ್ಸಿಯಂ ಸಾಲದು, ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಮೂಳೆ ಸೊಟ್ಟಗಾಗ್ತದೆ. ಹಾಗಂತ ಕ್ಯಾಲ್ಸಿಯಂ ಪುಡಿಯನ್ನು ಅಂದಾಜಿಗೆ ಸುರಿಯೋದೂ ಅಷ್ಟೇ ಅಪಾಯ. ಡಾಕ್ಟರನ್ನು ಕೇಳಿ. ನಾವು ಎರಡು ವಾರ ಆದ ಮೇಲೆ ಒಂದೊಂದೇ ಪದಾರ್ಥ ವಾಪಸ್ ತಂದೆವು, ಒಂದಕ್ಕೆ ಮೂರು-ನಾಲ್ಕು ದಿನ. ಸಪ್ಪೆ ರೊಟ್ಟಿ, ಪಾಸ್. ಮೊಸರು ಎರಡು ಚಮಚ, ಪಾಸ್. ಸಪ್ಪೆ ಬೇಯಿಸಿದ ಚಿಕನ್, ಪಾಸ್. ಅರ್ಧ ಗ್ಲಾಸು ಹಾಲು ಹಾಕಿದ ಮರುದಿನ 6. ಬಿಸ್ಕತ್ತನ್ನು ಪರೀಕ್ಷೆಗೂ ತರಲಿಲ್ಲ. ಆಮೇಲೆ ಸೀಲ್ ಇರುವ ಸಣ್ಣ ಚೀಲದ ಪಪ್ಪಿ ಫುಡ್. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಮುಕ್ಕಾಲು, ಹೀಗೆ ಹತ್ತು ದಿನದಲ್ಲಿ ಪೂರ್ತಿ. ಒಮ್ಮೆಗೇ ಬದಲಾಯಿಸಿದರೆ ಒಳ್ಳೆ ಫುಡ್ಡೂ ಜುಲಾಬು ತರ್ತದೆ.

ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ ಬಂತು. ಮನೆ ತುಂಬ ಬೀಗರು, ಮಕ್ಕಳು. ಯಾರು ಏನು ಹಾಕಿದರೋ, ಮೂರು ದಿನ ಪುಸ್ತಕ ಖಾಲಿ, ನಾಲ್ಕನೇ ದಿನ 7. ಮತ್ತೆ ಅನ್ನ-ಮೀನಿನಿಂದ ಶುರು. ಈ ಸಲ ಐದೇ ದಿನದಲ್ಲಿ ಹತೋಟಿಗೆ ಬಂತು. ಹಬ್ಬದ ಮನೆಯಲ್ಲಿ ನಾಯಿ ಕೊರಳಿಗೆ "ನನಗೆ ಏನೂ ಹಾಕಬೇಡಿ" ಅಂತ ಚೀಟಿ ಕಟ್ಟೋದು ತಮಾಷೆ ಅನಿಸಬಹುದು, ಮುಂದಿನ ವರ್ಷ ನಾನು ಕಟ್ಟೋಳೇ.

ಒಂದು ಎಚ್ಚರಿಕೆ. ಇದೆಲ್ಲ ಆಟ ಆಡ್ಕೊಂಡು, ಹಸಿವಾಗ್ತಾ, ಜುಲಾಬೂ ಇರುವ ಮರಿಗೆ. ಮರಿ ಮಂಕಾಗಿ ಊಟ ಬಿಟ್ಟರೆ, ವಾಂತಿ ಸೇರಿದರೆ, ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ, ಒಸಡು ಬಿಳಚಿಕೊಂಡರೆ ಖಾತೆ ಪುಸ್ತಕ ಬದಿಗಿಟ್ಟು ಅವತ್ತೇ ಓಡಬೇಕು. ಲಸಿಕೆ ಪೂರ್ತಿ ಆಗದ ಮರಿಯಲ್ಲಿ ಪಾರ್ವೊ ಇರಬಹುದು, ಅದು ನಾಳೆವರೆಗೆ ಕಾಯಲ್ಲ. ಆಹಾರ ಬದಲಾಯಿಸಿ ಎರಡು ವಾರ ಆದರೂ ಸುಧಾರಿಸದಿದ್ದರೂ ವಾಪಸ್ ಡಾಕ್ಟರ್ ಹತ್ತಿರ. ಮೇದೋಜೀರಕ ಗ್ರಂಥಿ ಕಿಣ್ವ ಮಾಡದೇ ಇರುವ ನಾಯಿಗಳೂ ಇರ್ತವೆ, ಅವಕ್ಕೆ ಮೀನು-ಅನ್ನ ಸಾಲದು.

ಶೇರು ಈಗ 19 ಕಿಲೋ. ಪೂರ್ತಿ ಗುಣ ಅಂತ ಹೇಳಂಗಿಲ್ಲ, ತಿಂಗಳಿಗೊಮ್ಮೆ 5 ಬೀಳ್ತದೆ. ಪುಸ್ತಕ ಇನ್ನೂ ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿದೆ. ಬೆಳಿಗ್ಗೆ ಐದರ ಪಾಳಿ ಈಗಲೂ ಆಯಿಯದೇ, ಆದರೆ ಹಾಲಿನ ಬದಲು ಅರ್ಧ ರೊಟ್ಟಿ, ಮೇಲೆ ಎರಡು ಚಮಚ ಮೊಸರು. ಅವಳಿಗೆ ಬರೆಯಲಿಕ್ಕೆ ಬರಲ್ಲ, ಹಾಕಿದ ಮೇಲೆ ಒಂದು ಗೀಟು ಎಳೀತಾಳೆ. ಹೋದ ಮಂಗಳವಾರ ಎರಡು ಗೀಟು ಇದ್ದವು, ಬುಧವಾರ 5. ಕೇಳಿದ್ದಕ್ಕೆ, "ಒಂದು ನಂದು. ಇನ್ನೊಂದು ನಿನ್ನ ತಮ್ಮಂದು, ಅವನಿಗೆ ಕೇಳು" ಅಂದಳು.