ಚುಕ್ಕಿಯೋ, ಚಿಕ್ಕಿಯೋ?

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ತಂದೆ-ಮಗ ಇಬ್ಬರು ಕಳೆದ ದೀಪಾವಳಿ ರಜೆಯಲ್ಲಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದರು. ಮಗ ನನ್ನ ಹಳೆಯ ವಿದ್ಯಾರ್ಥಿ, ಈಗ ಪಿಯುಸಿ. ವರ್ಷದಿಂದ ಏರ್ ಪಿಸ್ತೂಲ್ ಶೂಟಿಂಗ್ ಕಲಿಯುತ್ತಿದ್ದಾನೆ.

"ಸರ್, ಇವನ ಗುರಿ ಸರಿ ಹತ್ತವಲ್ದು. ಪಿಸ್ತೂಲಿಗೆ ರೆಡ್ ಡಾಟ್ ಸೈಟ್ ಹಾಕಿದ್ರ ಸರಿಹೋಗ್ತದಂತ. ಬಾಳಿ ಮಾರಿದ ರೊಕ್ಕ ಅದ. ಯಾವ್ದು ತಗೋಬೇಕು, ನೀವೇ ಹೇಳ್ರಿ" ಎಂದರು ತಂದೆ. ನನಗೆ ತೋರಿಸಲೆಂದು ಪರಿಚಯದವರಿಂದ ಅಂಥ ಸೈಟೊಂದನ್ನು ಕೇಳಿ ತಂದಿದ್ದರು. ಪಿಸ್ತೂಲನ್ನು ತಂದಿರಲಿಲ್ಲ, ಪುಣ್ಯ.

ಬೆಂಕಿಪೊಟ್ಟಣದಷ್ಟಿರುವ ಈ ಸಾಧನದೊಳಗೆ ಅಡಗಿರುವುದು ಹತ್ತನೆಯ ತರಗತಿಯ ಬೆಳಕಿನ ಪಾಠವೇ. ನಿಮ್ನ ದರ್ಪಣದ ಸಂಗಮ ಬಿಂದುವಿನಲ್ಲಿ ದೀಪವಿಟ್ಟರೆ, ಪ್ರತಿಫಲಿಸಿದ ಕಿರಣಗಳು ಸಮಾಂತರವಾಗಿ ಹೊರಡುತ್ತವೆ. ಟಾರ್ಚಿನಲ್ಲಿ ಆಗುವುದೂ ಇದೇ. ಇಲ್ಲಿ ದೀಪವೆಂದರೆ ಸಾಸಿವೆಗಿಂತ ಸಣ್ಣ ಕೆಂಪು ಎಲ್‌ಇಡಿ. ದರ್ಪಣವೆಂದರೆ ಕೆಂಪನ್ನು ಮಾತ್ರ ಹಿಂದಿರುಗಿಸಿ ಉಳಿದ ಬೆಳಕನ್ನು ದಾಟಿಸುವ, ಲೇಪನ ಹಚ್ಚಿದ ಗಾಜು. ಅದರ ಮೂಲಕ ನೋಡಿದರೆ ಜಗತ್ತು ಕೊಂಚ ನೀಲಿ ಕಾಣುವುದು ಇದರಿಂದಲೇ. ಸಮಾಂತರ ಕಿರಣಗಳು ಕಣ್ಣಿಗೆ ಬಂದಾಗ ಚುಕ್ಕಿ ಬಹು ದೂರದಲ್ಲಿ, ಗುರಿಯ ಮೇಲೆಯೇ ಕೂತಂತೆ ತೋರುತ್ತದೆ. ಇದು ಲೇಸರ್ ಅಲ್ಲ. ಗುರಿಯ ಮೇಲೆ ಯಾವ ಬೆಳಕೂ ಬೀಳುವುದಿಲ್ಲ. ಚುಕ್ಕಿ ಕಾಣುವುದು ನೋಡುವವನಿಗೆ ಮಾತ್ರ. ದೂರದರ್ಶಕಗಳ ತಯಾರಕನಾದ ಡಬ್ಲಿನ್ನಿನ ಹೋವರ್ಡ್ ಗ್ರಬ್ 1900ರಲ್ಲಿಯೇ ಈ ಉಪಾಯ ಹೂಡಿದ್ದ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಅದರ ಎಲೆಕ್ಟ್ರಾನಿಕ್ ರೂಪವನ್ನು 1975ರಲ್ಲಿ ಮಾರುಕಟ್ಟೆಗೆ ತಂದಿತು.

ಕೊಳ್ಳುವವರು ಮೊದಲು ನೋಡಬೇಕಾದದ್ದು ಚುಕ್ಕಿಯ ಗಾತ್ರ. ಅದನ್ನು ಕೋನದ ಮಿನಿಟುಗಳಲ್ಲಿ ಹೇಳುತ್ತಾರೆ. ಮಿನಿಟೆಂದರೆ ಡಿಗ್ರಿಯ 60ನೇ ಒಂದು ಭಾಗ. 10 ಮೀಟರ್ ದೂರದಲ್ಲಿ ಅದು ಸುಮಾರು 2.9 ಮಿ.ಮೀ. ಆಗುತ್ತದೆ. 6 ಮಿನಿಟಿನ ಚುಕ್ಕಿ ಅಲ್ಲಿ 17 ಮಿ.ಮೀ.ಗೂ ಹೆಚ್ಚು ಜಾಗ ಮುಚ್ಚುತ್ತದೆ. ಏರ್ ಪಿಸ್ತೂಲ್ ಗುರಿಹಲಗೆಯಲ್ಲಿ 10 ಅಂಕದ ವೃತ್ತದ ಅಗಲವೇ 11.5 ಮಿ.ಮೀ.! ದೊಡ್ಡ ಚುಕ್ಕಿ ಕಣ್ಣಿಗೆ ಬೇಗ ಸಿಕ್ಕುತ್ತದೆ, ನಿಖರತೆಗೆ ಚಿಕ್ಕದೇ ಸರಿ. ಇನ್ನೊಂದು ಪರೀಕ್ಷೆ ಇದೆ. ಸೈಟನ್ನು ಮಾತ್ರ ಮೇಜಿನ ಮೇಲೆ ಅಲುಗದಂತೆ ಇಟ್ಟು, ಚುಕ್ಕಿಯನ್ನು ದೂರದ ಗೋಡೆಯ ಗುರುತಿಗೆ ಹೊಂದಿಸಿ, ತಲೆಯನ್ನು ಅತ್ತಿತ್ತ ಸರಿಸಿ. ಚುಕ್ಕಿ ಗುರುತು ಬಿಟ್ಟು ಓಡಾಡಿದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿ.

ಇಷ್ಟೆಲ್ಲ ಹೇಳಿದ ಮೇಲೆ, ಮೊದಲೇ ಹೇಳಬೇಕಾಗಿದ್ದ ಮಾತನ್ನು ಹೇಳಿದೆ. (ಮೇಷ್ಟರ ಚಟ, ಏನು ಮಾಡುವುದು!) ಒಲಿಂಪಿಕ್ಸ್ ಮಾದರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಂತೆ ತೆರೆದ ಸೈಟಿಗೆ ಮಾತ್ರ ಅವಕಾಶ, ರೆಡ್ ಡಾಟ್ ನಿಷಿದ್ಧ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲ್ಯಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ, ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದೂ ತೆರೆದ ಸೈಟಿನಿಂದಲೇ. ಓಡಾಡುತ್ತ ಗುಂಡು ಹಾರಿಸುವ ಐಪಿಎಸ್‌ಸಿ ಸ್ಪರ್ಧೆಗಳ ಕೆಲವು ವಿಭಾಗಗಳಲ್ಲಿ ರೆಡ್ ಡಾಟ್ ನಡೆಯುತ್ತದೆ. ಆದರೆ ಈ ಹುಡುಗನ ಹಾದಿ ಅದಲ್ಲ.

ತಂದೆಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಸೈಟಿನೊಳಗೆ ಇಣುಕುತ್ತಿದ್ದ ಹುಡುಗ, "ಸರ್, ಚುಕ್ಕಿ ಎಲ್ಲದರಿ? ನನಗ ಬಾಲ ಇರೋ ಚಿಕ್ಕಿ ಕಾಣ್ತದ" ಎಂದ.

ನಾನು ನೋಡಿದೆ, ದುಂಡಗಿತ್ತು. ತಂದೆಗೂ ದುಂಡಗೇ ಕಂಡಿತು. ಮೊಬೈಲ್ ಕ್ಯಾಮೆರಾದಲ್ಲಿಯೂ ಹಾಗೆಯೇ. "ತಲೆ ಓರೆ ಮಾಡಿ ನೋಡಪ್ಪ" ಎಂದೆ. ತಲೆಯ ಜೊತೆಗೆ ಚಿಕ್ಕಿಯ ಬಾಲವೂ ತಿರುಗಿತಂತೆ. ಅಂದರೆ ದೋಷ ಸೈಟಿನದಲ್ಲ, ಕಣ್ಣಿನದು. ಕಾರ್ನಿಯಾ ಚೆಂಡಿನ ಮೈಯಂತೆ ಎಲ್ಲ ಕಡೆ ಸಮನಾಗಿ ಬಾಗಿರದೆ, ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿದ್ದರೆ ಹೀಗಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ.

ಮರುದಿನ ಕಣ್ಣಿನ ಡಾಕ್ಟರಲ್ಲಿ ತೋರಿಸಿದಾಗ ಬಲಗಣ್ಣಿಗೆ ಸಿಲಿಂಡರ್ ನಂಬರು ಬಂತು. ತೆರೆದ ಸೈಟಿನಲ್ಲಿ ಮುಂದಿನ ಪಟ್ಟಿಯನ್ನು ಹಿಂದಿನ ಕಚ್ಚಿನ ನಟ್ಟನಡುವೆ ನಿಲ್ಲಿಸಬೇಕು. ಎರಡೂ ಬದಿಯ ಸಂದು ಸಮವಿರಬೇಕು. ಪಟ್ಟಿಯ ಅಂಚೇ ಕಲಸಿಹೋದರೆ ಹುಡುಗ ಸಂದು ಅಳೆಯುವುದು ಹೇಗೆ? ಪಾಪ, ಕೈ ನಡುಗುತ್ತಿದೆ ಎಂದುಕೊಂಡು ವರ್ಷವೆಲ್ಲ ತನ್ನನ್ನೇ ಬೈದುಕೊಂಡಿದ್ದ. ಕನ್ನಡಕಕ್ಕೆ ನಿಯಮದ ಅಡ್ಡಿಯಿಲ್ಲ. ಕಣ್ಣಿನಿಂದ ಮುಂದಿನ ಪಟ್ಟಿಗೆ ಎಷ್ಟು ದೂರವೆಂದು ಅಳೆದು ಡಾಕ್ಟರಿಗೆ ತಿಳಿಸಲು ಹೇಳಿದೆ. ಶೂಟರ್ ಸ್ಪಷ್ಟವಾಗಿ ನೋಡಬೇಕಾದದ್ದು ಆ ಪಟ್ಟಿಯನ್ನು. ಗುರಿ ತುಸು ಮಸುಕಾದರೂ ನಡೆಯುತ್ತದೆ.

ತಂದಿದ್ದ ಸೈಟನ್ನು ಅವರು ಹಿಂದಿರುಗಿಸಿದರು. ಕನ್ನಡಕ ಬಂದ ಮೇಲೆ ಹುಡುಗ ಫೋನ್ ಮಾಡಿದ್ದ: "ಪಟ್ಟಿ ಗೀಟು ಹೊಡದಂಗ ಕಾಣ್ತದರಿ ಸರ್."

"ಅಂಕ ಎಷ್ಟು ಬರುತ್ತಿದೆ?" ಎಂದೆ.

"ಅವು ಇನ್ನಾ ಬರಬೇಕ್ರಿ" ಎಂದ.