ಮೊದಲ ಬೆಂಚಿಗೆ ಒಣ ಹಲಗೆ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ಹಾಲೆ ಮರವನ್ನು ಕಡಿದ ಕೂಡಲೇ ಲೇತಿಗೆ ಹಾಕುವುದಿಲ್ಲ, ಚೆನ್ನಾಗಿ ಒಣಗಿದ ಮೇಲೆಯೇ ಕಡೆಯುತ್ತಾರೆ. ಮನೆಗೊಂದು ಬೆಂಚು ಮಾಡಿಕೊಳ್ಳಲು ಹೊರಟ ಹವ್ಯಾಸಿಯೂ ಯಂತ್ರಕ್ಕಿಂತ ಮೊದಲು ಒಣ ಮರಕ್ಕೆ ದುಡ್ಡು ಹಾಕಬೇಕು. ಹಸಿ ಹಲಗೆ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಹಾಗೇ ಉಳಿದು ಅಗಲದಲ್ಲಿ ಕುಗ್ಗುತ್ತದೆ. ಅದನ್ನು ಅಲ್ಲಾಡದಂತೆ ಬಿಗಿದರೆ ಬೇಸಿಗೆಗೆ ಸೀಳು ಬಿಡಬಹುದು. ಹಾಗಾಗಿ ಕೂರುವ ಜಾಗಕ್ಕೆ ಒಂದೇ ಅಗಲದ ಹಲಗೆಗಿಂತ, ನಡುವೆ ಸಣ್ಣ ಸಂದು ಬಿಟ್ಟ ಮೂರು ಪಟ್ಟಿಗಳೇ ವಾಸಿ.

ಮರಕ್ಕೆ ಮರ ಕಚ್ಚಿಸಿ ಕೂಡಿಸಲು ಬಾರದವರು ಮಾಡಿದ ಬೆಂಚು ಅಲುಗಾಡುವುದಿಲ್ಲವೇ? ಕಾಲುಗಳನ್ನು ಬರೀ ಮೊಳೆಯಿಂದ ನಿಲ್ಲಿಸಿದರೆ ಖಂಡಿತ ಅಲುಗಾಡುತ್ತದೆ. ಕಾಲಿಗೂ ಹಲಗೆಗೂ ಓರೆಯಾಗಿ ಒಂದು ರೀಪರ್ ಕೊಟ್ಟರೆ ತ್ರಿಕೋನವಾಗುತ್ತದೆ, ತ್ರಿಕೋನ ಆಕಾರ ಕೆಡುವುದಿಲ್ಲ. ಇಟಲಿಯ ವಿನ್ಯಾಸಕ ಎನ್ಜೋ ಮಾರಿ 1974ರಲ್ಲಿ ಜನಸಾಮಾನ್ಯರಿಗೆಂದು ಕೊಟ್ಟ ಮೇಜು, ಕುರ್ಚಿ, ಮಂಚದ ನಕ್ಷೆಗಳಿಗೂ ಬೇಕಾಗಿದ್ದದ್ದು ಸಾದಾ ಹಲಗೆ ಮತ್ತು ಮೊಳೆ. ನೋಡಲು ಒರಟು, ಕೂರಲು ಗಟ್ಟಿ.

ಪ್ಲಾಸ್ಟಿಕ್ ಕುರ್ಚಿ ಇಂಥ ಬೆಂಚಿಗಿಂತ ಅಗ್ಗ ಎನ್ನುವವರ ಮಾತು ನಿಜ; ಸ್ಕ್ರೂ, ಉಪ್ಪುಕಾಗದ, ವಾರ್ನಿಷ್ ಸೇರಿಸಿದರೆ ಮೊದಲ ಬೆಂಚು ಅಗ್ಗವಾಗುವುದು ಕಷ್ಟ. ಆದರೆ ಅಂಗಡಿಯ ಕುರ್ಚಿ ನಿಮ್ಮ ಜಗಲಿಯ ಅಳತೆಗೆ ಬರುವುದಿಲ್ಲ, ಅದರ ಮುರಿದ ಕಾಲಿಗೆ ಬೇರೆ ಕಾಲು ಸಿಗುವುದೂ ಇಲ್ಲ. ಬೆಂಚನ್ನು ನೀವೇ ಮಾಡಿಕೊಂಡರೆ ಊರಿನ ಬಡಗಿಯ ಅನ್ನಕ್ಕೇನೂ ಕುತ್ತಿಲ್ಲ. ಬಾಗಿಲು, ಕಿಟಕಿ, ಬೀರು ಹೇಗೂ ಅವರದೇ ಕೆಲಸ. ಹಲಗೆ ಒಣಗಿದೆಯೋ ಇಲ್ಲವೋ ಎಂದು ತಟ್ಟಿ ನೋಡಿ ಹೇಳಬಲ್ಲವರೂ ಅವರೇ, ಕೊಳ್ಳುವ ಮೊದಲು ಒಂದು ಮಾತು ಕೇಳಿ.